ಎಂಟರಿಂದ ಹತ್ತರವರೆಗೆ

ಜೂನ್ 3

ಅಕ್ಕಾ,

ನಾನು ಹತ್ತನೇ ತರಗತಿಯ ಪರೀಕ್ಷೆ ಬರೆದೇ ಇಲ್ಲ. ಮೂರು ವರ್ಷದಿಂದ ಇದನ್ನು ನಿನ್ನಿಂದ ಮುಚ್ಚಿಟ್ಟಿದ್ದೇನೆ. ಆ ವರ್ಷ ಸಮವಸ್ತ್ರ ಹಾಕಿಕೊಂಡು ಮನೆಯಿಂದ ಹೊರಟು, ಶಾಲೆಯ ಗೇಟು ದಾಟಿ, ಮುಂದಿನ ತಿರುವಿನ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಕೂರುತ್ತಿದ್ದೆ. ಪರೀಕ್ಷೆಯ ಆರೂ ದಿನ ಅಲ್ಲೇ ಇದ್ದೆ. ಪಾಸಾದೆ ಎಂದು ನಾನು ಯಾರಿಗೂ ಹೇಳಲಿಲ್ಲ. ಅಮ್ಮ ತಾನೇ ಹಾಗೆಂದುಕೊಂಡು ನಿನಗೆ ಫೋನ್ ಮಾಡಿದಳು, ನಾನು ತಿದ್ದಲಿಲ್ಲ.

ಈ ಲಸಿಕೆ ಗೋದಾಮಿನ ಕೆಲಸಕ್ಕೆ ಅರ್ಜಿ ತುಂಬುವಾಗಲೂ ಹಾಗೇ ಆಯಿತು. ಓದಿನ ಜಾಗ ಖಾಲಿ ಬಿಟ್ಟೆ. ಕಂಪ್ಯೂಟರ್ ಒಪ್ಪಲಿಲ್ಲ, ಕೆಂಪು ನಕ್ಷತ್ರ ತೋರಿಸಿ ಅಡ್ಡ ನಿಂತಿತು. ಅಲ್ಲಿದ್ದ ಆಯ್ಕೆಗಳು ಎರಡೇ: ಹತ್ತನೇ ತರಗತಿ, ಅದಕ್ಕಿಂತ ಹೆಚ್ಚು. ಅದಕ್ಕಿಂತ ಕಡಿಮೆ ಓದಿದವರು ಭೂಮಿಯ ಮೇಲೇ ಇಲ್ಲವೆಂದು ಆ ಫಾರಂ ಮಾಡಿದವರ ನಂಬಿಕೆ. ಸಾಹೇಬರು ಬೇಸತ್ತು ಮೊದಲನೆಯದನ್ನು ಒತ್ತಿದರು. ನಾನು ಸುಮ್ಮನಿದ್ದೆ. ಸುಮ್ಮನಿದ್ದದ್ದೂ ಸುಳ್ಳೇ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾವಿಬ್ಬರೂ ಎರಡನೇ ನಿಮಿಷಕ್ಕೆ ಜಗಳಕ್ಕೆ ಬಿದ್ದು ಮೂರನೇ ನಿಮಿಷಕ್ಕೆ ಕಟ್ ಮಾಡುವವರು. ಕಾಗದದಲ್ಲಾದರೆ ನಿನ್ನ ಬೈಗುಳ ಬರಲು ನಾಲ್ಕು ದಿನ ಬೇಕು.

ಈಗ ಹೇಳುತ್ತಿರುವುದಕ್ಕೆ ಕಾರಣವಿದೆ. ಇಲ್ಲಿ ಎಲ್ಲರ ಕಾಗದಪತ್ರ ಜಾಲಾಡುತ್ತಿದ್ದಾರೆ. ನಮ್ಮ ಶೀತಲ ಕೋಣೆಯ ಉಷ್ಣತೆಯನ್ನು ಒಂದು ಕಂಪ್ಯೂಟರ್ ಹತ್ತು ನಿಮಿಷಕ್ಕೊಮ್ಮೆ ಬರೆದಿಡುತ್ತದೆ. ಮೇ ಕೊನೆಯಲ್ಲಿ ತಪಾಸಣೆಯವರು ಬಂದು ಪಟ್ಟಿ ತೆಗೆದು ನೋಡಿದರೆ ಪ್ರತಿದಿನ ಬೆಳಗ್ಗೆ ಎಂಟರಿಂದ ಹತ್ತರವರೆಗೆ ಖಾಲಿ. ಫೆಬ್ರವರಿಯಿಂದ ಒಂದು ದಿನವೂ ತಪ್ಪಿಲ್ಲ. ಆ ಎರಡು ಗಂಟೆ ಕೋಣೆಯಲ್ಲಿ ಇರುವವರು ಬೀಗದಮ್ಮ ಒಬ್ಬರೇ. ಹತ್ತೊಂಬತ್ತು ವರ್ಷದಿಂದ ಕೀಲಿ ಅವರ ಸೊಂಟದಲ್ಲಿದೆ. ರಜೆ ಎಂಬುದನ್ನೇ ತೆಗೆದುಕೊಂಡವರಲ್ಲ. ಜೊತೆಗಿದ್ದವರು ಜನವರಿಯಲ್ಲಿ ನಿವೃತ್ತರಾದರು. ಸಾಹೇಬರ ಲೆಕ್ಕ ಸುಲಭವಾಗಿದೆ: ಜೊತೆಗಾರ ಹೋದ ಮೇಲೆ ಈಕೆ ಯಂತ್ರ ನಿಲ್ಲಿಸಿ ಲಸಿಕೆ ಹೊರಗೆ ಸಾಗಿಸುತ್ತಿದ್ದಾರೆ.

ಸಾಹೇಬರು ಎಂಥವರೆಂದರೆ, ನಿನ್ನೆ ಅವರ ಕಂಪ್ಯೂಟರಿನಲ್ಲಿ 'ಈ ಫೈಲನ್ನು ಬೇರೊಬ್ಬರು ಬಳಸುತ್ತಿದ್ದಾರೆ' ಎಂದು ಬಂತು. ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿದರು.

"ಯಾರದು? ಈಗಲೇ ಒಪ್ಕೊಂಡ್ರೆ ವಾಸಿ."

"ನಾನು ಬಳಸೋದು ಬೀಗ ಸಾರ್, ಫೈಲಲ್ಲ" ಎಂದರು ಬೀಗದಮ್ಮ.

ನಾನು ಹೋಗಿ ಮುಂದಿನ ಕಿಟಕಿಯನ್ನು ಪಕ್ಕಕ್ಕೆ ಸರಿಸಿದೆ. ಅದರ ಹಿಂದೆ ಅದೇ ಫೈಲು, ಅವರೇ ತೆರೆದಿಟ್ಟು ಮರೆತದ್ದು. "ಆ ಬೇರೊಬ್ಬರು ನೀವೇ ಸಾರ್" ಎಂದೆ. ಅವರು ನೋಡಿ, "ಸರಿ, ಆದ್ರೆ ಅದನ್ನ ನಾನೇ ತೆರೆದೆ ಅನ್ನೋಕೆ ಸಾಕ್ಷಿ ಏನು?" ಎಂದರು.

ನೀನು ಹಿಂದೊಮ್ಮೆ ಇಲ್ಲಿಯ ಪ್ರಿಂಟರ್ ಸರಿ ಮಾಡಿಕೊಟ್ಟಿದ್ದೆಯಂತಲ್ಲ, ಆ ಪರಿಚಯದಿಂದಲೇ ನನಗೆ ಕೆಲಸ ಸಿಕ್ಕಿದ್ದು. ಈ ಉಷ್ಣತೆಯ ಪ್ರೋಗ್ರಾಂ ಹೇಗೆ ಕೆಲಸ ಮಾಡುತ್ತದೆಂದು ನಿನಗೇನಾದರೂ ಗೊತ್ತೇ?

ಬುಗುರಿ

ಜೂನ್ 11

ಬುಗುರಿ,

ಪರೀಕ್ಷೆಯ ವಿಷಯ ಓದಿ ಬೇಸರವಾಯಿತು. ಕೂತಲ್ಲಿ ಕೂರದವಳು ಎಂದು ಗೊತ್ತಿತ್ತು, ಇಷ್ಟು ಎಂದು ಗೊತ್ತಿರಲಿಲ್ಲ. ಅಮ್ಮನಿಗೆ ನಾನೇ ಹೇಳುತ್ತೇನೆ, ನೀನು ಬರೆಯಬೇಡ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನೀನು ಆ ಕಂಪ್ಯೂಟರ್ ಮುಟ್ಟಿದ್ದೀಯಾ? ನಿಜ ಹೇಳು. ರಿಪೇರಿ ಅಂಗಡಿಯಲ್ಲಿ ಕಲಿತವರ ಕೈ ಸುಮ್ಮನಿರುವುದಿಲ್ಲ. ಏನನ್ನಾದರೂ ಅಳಿಸಿದೆಯಾ? ಅಳಿಸುವಾಗ ಅದು 'ಖಚಿತವೇ' ಎಂದು ಕೇಳಿದಾಗ ಓದದೆ ಹೌದು ಎಂದೆಯಾ?

ಹೊಸ ಯಂತ್ರಗಳು ಬಂದ ಮೇಲೆ ಎಲ್ಲ ಕಡೆಯೂ ಇಂಥ ಸಣ್ಣಪುಟ್ಟ ತಕರಾರು ಇದ್ದದ್ದೇ. ಅವುಗಳ ಸ್ವಭಾವವೇ ಹಾಗೆ. ಒಂದು ಆಪರೇಟಿಂಗ್ ಸಿಸ್ಟಂನಲ್ಲಿ ಯಂತ್ರ ಆರಿಸಲು 'ಶುರು' ಎಂಬ ಗುಂಡಿ ಒತ್ತಬೇಕಿತ್ತು. ಇನ್ನೊಂದರಲ್ಲಿ ಡಿಸ್ಕನ್ನು ಕ್ಷೇಮವಾಗಿ ಹೊರಗೆ ತೆಗೆಯಬೇಕಾದರೆ ಕಸದ ಬುಟ್ಟಿಗೆ ಎಳೆದು ಹಾಕಬೇಕಿತ್ತು. ಕೀಬೋರ್ಡ್ ಸಿಗುತ್ತಿಲ್ಲ, ಮುಂದುವರಿಯಲು ಯಾವುದಾದರೂ ಕೀ ಒತ್ತಿ ಎಂದು ಕೇಳಿದ ಯಂತ್ರವನ್ನು ನಾನೇ ಕಂಡಿದ್ದೇನೆ. 'ದೋಷ: ಕೆಲಸ ಯಶಸ್ವಿಯಾಗಿ ಮುಗಿದಿದೆ' ಎಂದದ್ದನ್ನೂ ಕಂಡಿದ್ದೇನೆ. ಪ್ರೋಗ್ರಾಂ ಬರೆಯುವ ಭಾಷೆಗಳೂ ಕಡಿಮೆಯಿಲ್ಲ. ಒಂದು, ಸಾಲಿನ ಕೊನೆಗೆ ಚುಕ್ಕೆ-ಕೊಂಬಿನ ಗುರುತು (;) ಬಿಟ್ಟರೆ ಊಟ ಬಿಡುತ್ತದೆ. ಇನ್ನೊಂದು, ಕಣ್ಣಿಗೆ ಕಾಣದ ಖಾಲಿಜಾಗ ಒಂದು ಹೆಚ್ಚಾದರೆ ಮುನಿಸಿಕೊಳ್ಳುತ್ತದೆ. ಬಹಳಷ್ಟು ಭಾಷೆಗಳಿಗೆ ಎಣಿಸುವಾಗ ಮೊದಲನೆಯವನು ಸೊನ್ನೆಯವನು. ಇವುಗಳ ಜೊತೆ ಹದಿನಾಲ್ಕು ವರ್ಷ ಸಂಸಾರ ಮಾಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ: ನೀನು ಆ ಪ್ರೋಗ್ರಾಂ ತೆರೆದು ನೋಡಲು ಹೋಗಬೇಡ.

ಬೀಗದಮ್ಮ ನಿನಗೆ ಏನಾಗಬೇಕು? ನಿನ್ನ ಕೆಲಸ ನೋಡಿಕೋ.

ಅಕ್ಕ

ಜೂನ್ 17

ಅಕ್ಕಾ,

ನಾನು ಏನನ್ನೂ ಅಳಿಸಿಲ್ಲ. ನೀನು ನನ್ನನ್ನೇ ಅನುಮಾನಿಸಿದೆ, ಇರಲಿ. ನಾನೂ ಒಬ್ಬರನ್ನು ಅನುಮಾನಿಸಿದೆ, ಅದನ್ನು ಹೇಳದೆ ಬಿಟ್ಟರೆ ತಪ್ಪಾಗುತ್ತದೆ.

ನಾಲ್ಕು ದಿನ ಎಂಟಕ್ಕೇ ಹೋಗಿ, ಬೀಗದಮ್ಮ ಬೀಗ ತೆಗೆದು ಕೋಟು ತರಲು ಹೋದಾಗ ಒಳಗೆ ನುಸುಳಿ, ಖಾಲಿ ಪೆಟ್ಟಿಗೆಗಳ ಹಿಂದೆ ಕೂತು ಅವರ ಮೇಲೆ ಕಣ್ಣಿಟ್ಟೆ. ಒಳಗೆ ಫ್ರಿಜ್ಜಿನ ಹಾಲಿನಷ್ಟು ತಣ್ಣಗಿನ ಗಾಳಿ, ಹಲ್ಲು ಕಟಕಟ. ಅವರು ಬರುತ್ತಾರೆ, ಉಣ್ಣೆಯ ಕೋಟು ತೊಡುತ್ತಾರೆ, ಬಾಗಿಲ ಮೇಲಿನ ಮುಳ್ಳಿನ ಉಷ್ಣಮಾಪಕ ನೋಡಿ ತಮ್ಮ ಪುಸ್ತಕದಲ್ಲಿ ಬರೆಯುತ್ತಾರೆ, ಪೆಟ್ಟಿಗೆ ಎಣಿಸುತ್ತಾರೆ. ಕಂಪ್ಯೂಟರಿನ ಕಡೆ ಬೆನ್ನು ಹಾಕಿಯೇ ಓಡಾಡುತ್ತಾರೆ. ನಾಲ್ಕನೇ ದಿನ ನನಗೆ ಸೀನು ಬಂತು.

"ಹೊರಗೆ ಬಾರೇ" ಎಂದರು. "ಮೊದಲನೇ ದಿನದಿಂದ ನೋಡ್ತಿದ್ದೀನಿ. ನಾಳೆಯಿಂದ ಸ್ವೆಟರ್ ಹಾಕ್ಕೊಂಡು ಬಂದು ಅನುಮಾನ ಪಡು."

ನಾಚಿಕೆಯಿಂದ ಸತ್ತೆ. "ನೀವು ನೋಡಿಯೂ ಯಾಕೆ ಕೇಳಲಿಲ್ಲ?" ಎಂದರೆ, "ಸಾಹೇಬ್ರಿಗೆ ನನ್ನ ಪುಸ್ತಕ ತೋರಿಸ್ದೆ. ಇದನ್ನೂ ನೀವೇ ಬರೆದದ್ದು ತಾನೇ ಅಂದ್ರು. ಇನ್ಯಾರು ಬರೀತಾರೆ? ಕಂಪ್ಯೂಟರ್ ಬರೆದ್ರೆ ನಿಜ, ನಾನು ಬರೆದ್ರೆ ಕತೆ. ನೀನಾದ್ರೂ ಕಣ್ಣಾರೆ ನೋಡ್ಲಿ ಅಂತ ಬಿಟ್ಟೆ" ಎಂದರು.

ಸಾಹೇಬರು ಈಗ ಕೀಬೋರ್ಡಿನ ಮೇಲೆ, ಪ್ಲಗ್ಗಿನ ಮೇಲೆ ಚೀಟಿ ಅಂಟಿಸಿ ಸಹಿ ಹಾಕಿದ್ದಾರೆ. ಚೀಟಿ ಹರಿದಿಲ್ಲ, ಪಟ್ಟಿ ಮಾತ್ರ ಖಾಲಿ. "ಹಾಗಾದ್ರೆ ಚೀಟೀನೂ ನಕಲು ಮಾಡಿದ್ದಾರೆ" ಎನ್ನುತ್ತಾರೆ.

ನನಗೆ ಕಾಣುವುದು ಇಷ್ಟು. ಕೊನೆಯ ಅಂಕಿ ಏಳು ಐವತ್ತರದು, ಮುಂದಿನದು ಹತ್ತು ಗಂಟೆಯದು. ನಾಲ್ಕು ತಿಂಗಳಲ್ಲಿ ಒಂದು ದಿನವೂ ಎಂಟು ಹತ್ತಕ್ಕೆ ನಿಂತಿಲ್ಲ, ಒಂಬತ್ತೂವರೆಗೆ ಶುರುವಾಗಿಲ್ಲ. ಯಾವ ಕಳ್ಳ ಇಷ್ಟು ಸಮಯಕ್ಕೆ ಸರಿಯಾಗಿ ಬರುತ್ತಾನೆ? ಇದು ಮನುಷ್ಯರ ಕೆಲಸವಲ್ಲ.

ಇನ್ನು ನಿನ್ನ ವಿಷಯ. ಪರೀಕ್ಷೆ ಬರೆಯಲಿಲ್ಲವೆಂದರೆ ನೀನು ಎರಡು ದಿನ ಬೈಯುವವಳು, ಎರಡು ಸಾಲಿನಲ್ಲಿ ಮುಗಿಸಿದೆ. ಆಮೇಲೆ ಒಂದು ಪುಟ ಪೂರ್ತಿ ನನ್ನನ್ನು ನಗಿಸಿದೆ. ನೀನು ನಗಿಸುವುದು ಏನಾದರೂ ಅಡಗಿಸುವಾಗ. ಜೊತೆಗೆ, ಯಂತ್ರ ಹೊಸದು ಎಂದು ನಾನು ಬರೆದೇ ಇರಲಿಲ್ಲ. ಈಗ ವಿಚಾರಿಸಿದೆ. ಅದು ಫೆಬ್ರವರಿಯಲ್ಲಿ ಬಂದದ್ದಂತೆ. ನಿನಗೆ ಹೇಗೆ ಗೊತ್ತಾಯಿತು?

ಬುಗುರಿ

ಜೂನ್ 24

ಬುಗುರಿ,

ಲಕೋಟೆಯಲ್ಲಿ ಒಂದು ಪೆನ್‌ಡ್ರೈವ್ ಇದೆ. ಶೀತಲ ಕೋಣೆಯ ಕಂಪ್ಯೂಟರಿಗೆ ಹಾಕು. ಅದರಲ್ಲಿರುವ ಒಂದೇ ಒಂದು ಫೈಲನ್ನು ಅದೇ ಹೆಸರಿನ ಹಳೆಯ ಫೈಲಿನ ಮೇಲೆ ಹಾಕಿ ಯಂತ್ರವನ್ನು ಆರಿಸಿ ಹಚ್ಚು. ಎರಡು ನಿಮಿಷದ ಕೆಲಸ. ಮರುದಿನದಿಂದ ಖಾಲಿ ಬೀಳುವುದಿಲ್ಲ. ಎಲ್ಲರೂ ಮರೆಯುತ್ತಾರೆ.

ಯಾರಿಗೂ ಹೇಳಬೇಡ. ನನ್ನನ್ನು ಏನೂ ಕೇಳಬೇಡ. ದೊಡ್ಡವಳ ಮಾತು ಒಂದು ಸಲವಾದರೂ ಕೇಳು.

ಅಕ್ಕ

ಜೂನ್ 29

ಅಕ್ಕಾ,

ನಾನು ಅದನ್ನು ಹಾಕಿಲ್ಲ. ಹಾಕುವುದೂ ಇಲ್ಲ.

ಸೋಮವಾರ ಸಾಹೇಬರು ಎಲ್ಲರನ್ನೂ ಅಂಗಳದಲ್ಲಿ ಸೇರಿಸಿ ಆದೇಶ ಓದಿದರು. ಜುಲೈ ಹದಿನೈದರಿಂದ ಬೀಗದಮ್ಮ ಬರುವ ಹಾಗಿಲ್ಲ. ವಿಚಾರಣೆ ಆಮೇಲೆ. ಅವರ ನಿವೃತ್ತಿಗೆ ಇನ್ನು ಏಳು ತಿಂಗಳಿತ್ತು. ಬೀಗದಮ್ಮ ಕೇಳಿಸಿಕೊಂಡು ಒಳಗೆ ಹೋಗಿ ಪೆಟ್ಟಿಗೆ ಎಣಿಸಿದರು. ಆ ದಿನ ಎರಡು ಸಲ ಎಣಿಕೆ ತಪ್ಪಿತು. ಅವರ ಎಣಿಕೆ ತಪ್ಪಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಈಗ ನೀನೇ ಯೋಚಿಸು. ಅವರು ಹೋಗುವ ಹೊತ್ತಿಗೆ ನಾನು ಗುಟ್ಟಾಗಿ ಫೈಲು ಬದಲಿಸುತ್ತೇನೆ, ಪಟ್ಟಿ ಸರಿಯಾಗುತ್ತದೆ. ಸಾಹೇಬರು ಏನೆನ್ನುತ್ತಾರೆ? ಕಳ್ಳಿ ಹೋದಳು, ಕಳ್ಳತನ ನಿಂತಿತು ಎನ್ನುತ್ತಾರೆ. ನಿನ್ನ ಎರಡು ನಿಮಿಷದ ಕೆಲಸ ಅವರ ಹತ್ತೊಂಬತ್ತು ವರ್ಷದ ಮೇಲೆ ಮೊಳೆ ಹೊಡೆಯುತ್ತದೆ. ಎಲ್ಲರೂ ಮರೆಯುತ್ತಾರೆ ಎಂದು ಬರೆದೆಯಲ್ಲ, ಬೀಗದಮ್ಮ ಯಾವುದನ್ನು ಮರೆಯಬೇಕು?

ಪೆನ್‌ಡ್ರೈವನ್ನು ನಾನು ಕಚೇರಿಯ ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿದೆ. ಅಲ್ಲೇ ಇದ್ದ ಹಳೆಯ ಫೈಲಿನ ಪ್ರತಿಯನ್ನೂ ಪಕ್ಕದಲ್ಲಿ ಇಟ್ಟು ಸಾಲು ಸಾಲು ಹೋಲಿಸಿದೆ. ಒಂದೇ ಜಾಗದಲ್ಲಿ ವ್ಯತ್ಯಾಸ. ಗಂಟೆ ಎಂಬ ಮಾತಿನ ಮುಂದೆ 1, 0, ಆಮೇಲೆ ಜಾಲರಿ ಗುರುತು (#). ಮೂರೇ ಅಕ್ಷರ. ಅದರ ಅರ್ಥ ನನಗೆ ತಿಳಿಯಲಿಲ್ಲ. ತಿಳಿದದ್ದು ಬೇರೆ ಎರಡು. ಹಳೆಯ ಫೈಲಿನ ತಲೆಯ ಮೇಲೆ ಬರೆದವರ ಹೆಸರಿನ ಜಾಗದಲ್ಲಿ ನಿನ್ನ ಹೆಸರಿದೆ. ಪ್ರಿಂಟರ್ ಸರಿ ಮಾಡಿದ್ದೆ ಎಂದೆಯಲ್ಲ! ಇನ್ನೊಂದು, ನೀನು ಕಳಿಸಿದ ಫೈಲಿನ ತಾರೀಖು ಏಪ್ರಿಲ್ ಹದಿನಾಲ್ಕು. ನಾನು ನಿನಗೆ ಮೊದಲು ಬರೆದದ್ದು ಜೂನ್ ಮೂರಕ್ಕೆ. ಏಪ್ರಿಲ್‌ನಲ್ಲಿ ಈ ಔಷಧಿ ಯಾರಿಗೆ ಕುಡಿಸಿದೆ?

ನನ್ನ ಸುಳ್ಳು ಹೇಳಿ ಆಯಿತು. ನಿನ್ನದು ಬರೆ. ಹತ್ತನೇ ತಾರೀಖಿನವರೆಗೆ ಕಾಯುತ್ತೇನೆ. ಬರದಿದ್ದರೆ ಪೆನ್‌ಡ್ರೈವ್ ತೆಗೆದುಕೊಂಡು ನೇರ ಸಾಹೇಬರ ಬಳಿ ಹೋಗುತ್ತೇನೆ.

ಬುಗುರಿ

ಜುಲೈ 5

ಬುಗುರಿ,

ಇದು ಮೂರನೇ ಕಾಗದ. ಎರಡು ಹರಿದೆ.

ಪ್ರೋಗ್ರಾಂ ನನ್ನದೇ. ಆರು ವರ್ಷದ ಹಿಂದೆ ಬರೆದುಕೊಟ್ಟೆ. ನಿಮ್ಮ ಹಳೆಯ ಯಂತ್ರದ ಗಡಿಯಾರ ಬೆಳಗ್ಗೆ ಎಂಟಕ್ಕೆ 8 ಎಂದಷ್ಟೇ ಹೇಳುತ್ತಿತ್ತು. ಹೊಸದು 08 ಎನ್ನುತ್ತದೆ. ನಮಗೆ ಎರಡೂ ಒಂದೇ. ನಾನು ಬರೆದ ಭಾಷೆಗೆ ಒಂದಲ್ಲ. ಸೊನ್ನೆಯಿಂದ ಶುರುವಾಗುವ ಅಂಕಿ ಕಂಡರೆ ಅದು ಎಂಟೇ ಬೆರಳಿನವರ ಎಣಿಕೆ ಎಂದು ತಿಳಿಯುತ್ತದೆ. ಆ ಎಣಿಕೆಯಲ್ಲಿ ಏಳಾದ ಮೇಲೆ ಅಂಕಿಯೇ ಇಲ್ಲ. ಏಳರವರೆಗೆ ತಕರಾರಿಲ್ಲ. 08, 09 ಬಂದಾಗ ಇಂಥ ಅಂಕಿ ಲೋಕದಲ್ಲೇ ಇಲ್ಲವೆಂದು ಕೂಗಿ ಕೈಬಿಡುತ್ತದೆ. ಹತ್ತರ ಮುಂದೆ ಸೊನ್ನೆಯಿಲ್ಲ, ಮತ್ತೆ ಬರೆಯತೊಡಗುತ್ತದೆ. ನೀನು ಕಂಡ ಮೂರು ಅಕ್ಷರ ಅದಕ್ಕೆ ಹತ್ತು ಬೆರಳಿನಿಂದ ಎಣಿಸು ಎಂದು ಹೇಳುವುದು.

ಕೂಗಿದ್ದು ಯಾಕೆ ಯಾರಿಗೂ ಕೇಳಿಸಲಿಲ್ಲ ಎನ್ನುತ್ತೀಯ. ಆ ಆಪರೇಟಿಂಗ್ ಸಿಸ್ಟಂನಲ್ಲಿ ತಳವಿಲ್ಲದ ಗುಂಡಿಯೊಂದಿದೆ. ಏನು ಎಸೆದರೂ ನುಂಗಿ ಸುಮ್ಮನಿರುತ್ತದೆ. ದೂರುಗಳನ್ನೆಲ್ಲ ಅದರೊಳಗೆ ಹಾಕು ಎಂದು ಬರೆದದ್ದೂ ನಾನೇ. ಪರದೆ ಚೊಕ್ಕಟವಾಗಿ ಕಾಣಲಿ ಎಂದು.

ಇಷ್ಟೇ ಆಗಿದ್ದರೆ ಭಾಷೆಯ ಮೇಲೆ ಹಾಕಿ ನಗುತ್ತಿದ್ದೆ. ಫೆಬ್ರವರಿಯಲ್ಲಿ ಹನ್ನೆರಡು ಗೋದಾಮುಗಳಿಗೆ ಹೊಸ ಯಂತ್ರ ಬಂದಾಗ ಪ್ರೋಗ್ರಾಮನ್ನು ಅವುಗಳಿಗೆ ಹೊಂದಿಸುವ ಕೆಲಸ ನನಗೆ ಬಂತು. ಒಂದು ಪೂರ್ತಿ ದಿನ, ಇಪ್ಪತ್ತನಾಲ್ಕು ಗಂಟೆ ಓಡಿಸಿ ನೋಡಿದ್ದೇನೆಂದು ಹನ್ನೆರಡು ಹಾಳೆಗಳಿಗೆ ಸಹಿ ಹಾಕಿದೆ. ನಾನು ನೋಡಿದ್ದು ಮಧ್ಯಾಹ್ನ ಎರಡರಿಂದ ಐದರವರೆಗೆ.

ಏಪ್ರಿಲ್‌ನಲ್ಲಿ ನದಿಯಾಚೆಯ ಗೋದಾಮಿನಿಂದ ಪಟ್ಟಿ ಖಾಲಿ ಎಂದು ಫೋನ್ ಬಂತು. ನೋಡಿದ ಕೂಡಲೇ ತಿಳಿಯಿತು. ನಾನೇ ಹೋಗಿ, ಯಂತ್ರ ಒರೆಸುವವಳಂತೆ ನಟಿಸಿ, ಫೈಲು ಬದಲಿಸಿ ಬಂದೆ. ಅದಕ್ಕೆ ಎರಡು ದಿನ ಮೊದಲೇ ಅವರು ಬೆಳಗಿನ ಕಾವಲುಗಾರನನ್ನು ತೆಗೆದುಹಾಕಿದ್ದರಂತೆ. ಅದು ನನಗೆ ಹೊರಡುವಾಗ ಗೊತ್ತಾಯಿತು. ಅಲ್ಲಿಯ ಮೇಲ್ವಿಚಾರಕಿ ಖುಷಿಯಿಂದ ಹೇಳಿದಳು: "ನೋಡಿ ಮೇಡಂ, ಆ ಮನುಷ್ಯ ಹೋದ, ಎಲ್ಲ ಸರಿಹೋಯ್ತು." ನಾನು "ಹೌದಾ" ಎಂದೆ. ಅಷ್ಟೇ ಅಂದೆ.

ನೀನು ಬರೆದದ್ದನ್ನೇ ನಾನು ಆಗಲೇ ಕಣ್ಣಾರೆ ಕಂಡಿದ್ದೆ. ಆದರೂ ನಿನಗೆ ಪೆನ್‌ಡ್ರೈವ್ ಕಳಿಸಿದೆ. ಉಳಿದ ಗೋದಾಮುಗಳಿಗೆ ಏನನ್ನೂ ಕಳಿಸಲಿಲ್ಲ. ಯಾರೂ ಕೇಳಿರಲಿಲ್ಲ.

ಮೇ ತಿಂಗಳಲ್ಲಿ ಆ ಕಾವಲುಗಾರನ ಮನೆ ಹುಡುಕಿಕೊಂಡು ಹೋದೆ. ನದಿ ಸೇತುವೆಯ ಈಚೆ, ಸೈಕಲ್ ರಿಪೇರಿ ಅಂಗಡಿಯ ಮೇಲಿನ ಮಾಳಿಗೆ. ಮೆಟ್ಟಿಲ ಬುಡದಲ್ಲಿ ನಿಂತಿದ್ದು ವಾಪಸ್ ಬಂದೆ.

ಸಾಹೇಬರಿಗೆ ಬರೆದ ಪತ್ರ ಇದರೊಳಗಿದೆ. ಎಲ್ಲವನ್ನೂ ಬರೆದಿದ್ದೇನೆ. ಅಂಚೆಗೆ ಹಾಕಲು ಕೈ ಬರಲಿಲ್ಲ. ಕೊಡುವುದು, ಬಿಡುವುದು ನಿನಗೆ ಬಿಟ್ಟದ್ದು.

ಅಕ್ಕ

ಜುಲೈ 10

ಅಕ್ಕಾ,

ಪತ್ರ ಕೊಟ್ಟೆ. ನನಗೆ ಬಿಟ್ಟದ್ದು ಎಂದು ನನ್ನ ತಲೆಗೆ ಕಟ್ಟಿದ್ದಕ್ಕೆ ನಿನ್ನ ಮೇಲೆ ಇನ್ನೂ ಕೋಪವಿದೆ. ಅಂಚೆಪೆಟ್ಟಿಗೆ ನಿನ್ನ ಬೀದಿಯಲ್ಲೂ ಇದೆ.

ಸಾಹೇಬರು ಓದಿ ಕನ್ನಡಕ ತೆಗೆದು ನನ್ನನ್ನು ನೋಡಿದರು. "ಅಕ್ಕ ತಂಗಿ ಸೇರ್ಕೊಂಡು ಆ ಯಮ್ಮನ್ನ ಉಳಿಸೋಕೆ ಕಟ್ಟಿದ ಕತೆ ಇದು."

"ಹಾಗಾದ್ರೆ ನೀವೇ ಪರೀಕ್ಷೆ ಮಾಡಿ ಸಾರ್. ನಾನು ಮುಟ್ಟೋದೇ ಇಲ್ಲ."

ಮಧ್ಯಾಹ್ನ ಮೂರು ಗಂಟೆ. ಶೀತಲ ಕೋಣೆಯಲ್ಲಿ ನಾವು ಮೂವರೇ. ಬೀಗದಮ್ಮ ದೂರದ ಗೋಡೆಗೆ ಒರಗಿ ಎರಡೂ ಅಂಗೈ ಎತ್ತಿ ಹಿಡಿದರು. "ಕೈ ನೋಡ್ಕೊಳ್ಳಿ ಸಾರ್. ಕಾಲೂ ಬೇಕಾದ್ರೆ ನೋಡ್ಕೊಳ್ಳಿ."

ಸಾಹೇಬರು ತಮ್ಮ ಚೀಟಿಗಳನ್ನು ತಾವೇ ಹರಿದು, ಒಂದೇ ಬೆರಳಿನಲ್ಲಿ ಒತ್ತೊತ್ತಿ ಯಂತ್ರದ ಗಡಿಯಾರವನ್ನು ಏಳು ನಲವತ್ತೊಂಬತ್ತಕ್ಕೆ ಇಟ್ಟರು. ಒಂದು ನಿಮಿಷ ಕಾದೆವು. ಅಂಕಿ ಬಿತ್ತು. ಏಳು ಐವತ್ತೊಂಬತ್ತಕ್ಕೆ ಇಟ್ಟರು. ಎಂಟಾಯಿತು. ಏನೂ ಬೀಳಲಿಲ್ಲ. ಸಾಹೇಬರು ಬಗ್ಗಿ ಮೇಜಿನ ಕೆಳಗೆ ನೋಡಿದರು. ಎಂಟು ಐವತ್ತೊಂಬತ್ತಕ್ಕೆ ಇಟ್ಟರು. ಒಂಬತ್ತಾಯಿತು, ಆಗಲೂ ಇಲ್ಲ. ಒಂಬತ್ತು ಐವತ್ತೊಂಬತ್ತಕ್ಕೆ ಇಟ್ಟರು. ಹತ್ತಾದ ಕೂಡಲೇ ಅಂಕಿ ಟಪ್ಪನೆ ಬಿತ್ತು. ಎಲ್ಲವನ್ನೂ ಮೊದಲಿಂದ ಇನ್ನೊಂದು ಸಲ ಮಾಡಿದರು. ಆಮೇಲೆ ನನ್ನನ್ನು ಹೊರಗೆ ಕಳಿಸಿ ಮತ್ತೊಂದು ಸಲ ಮಾಡಿದರು.

ಹೊರಗೆ ಬಂದು, "ಎಂಟು ಅನ್ನೋದೇ ಗೊತ್ತಿಲ್ವಾ ಅದಕ್ಕೆ? ನಮ್ಮ ಮೂರು ವರ್ಷದ ಮೊಮ್ಮಗೂಗೂ ಗೊತ್ತು" ಎಂದರು. ಅಷ್ಟು ದಿನದಲ್ಲಿ ಮೊದಲ ಬಾರಿಗೆ ಅವರ ಅನುಮಾನ ಯಂತ್ರದ ಕಡೆ ತಿರುಗಿತ್ತು.

ಬೀಗದಮ್ಮನಿಗೆ, "ಸರಿ, ನೀವು ಎಂದಿನ ಹಾಗೆ ಬನ್ನಿ" ಎಂದರು.

ಬೀಗದಮ್ಮ ಕದಲಲಿಲ್ಲ. "ಆದೇಶ ಓದಿದ್ದು ಎಲ್ಲರ ಮುಂದೆ ಸಾರ್. ಇದನ್ನ ಮಾತ್ರ ಕಿವೀಲಿ ಹೇಳ್ತೀರಾ?"

ಮತ್ತೆ ಎಲ್ಲರನ್ನೂ ಅಂಗಳದಲ್ಲಿ ಸೇರಿಸಿದರು. ಸಾಹೇಬರು ಗಂಟಲು ಸರಿಮಾಡಿಕೊಂಡು, ಹಳೆಯ ಆದೇಶ ರದ್ದು, ಇವರ ತಪ್ಪೇನೂ ಇಲ್ಲ ಎಂದು ಓದಿದರು. ಕೇಳಿಸಲಿಲ್ಲ ಎಂದರು ಬೀಗದಮ್ಮ. ಇನ್ನೊಮ್ಮೆ ಜೋರಾಗಿ ಓದಿದರು. ಬೀಗದಮ್ಮ ತಲೆಯಾಡಿಸಿ ಒಳಗೆ ಹೋದರು. ಪೆಟ್ಟಿಗೆ ಎಣಿಸುವ ಸದ್ದು ಕೇಳುತ್ತಿತ್ತು. ಸಂಜೆ ನೋಡಿದರೆ ನನ್ನ ಕುರ್ಚಿಯ ಮೇಲೆ ಅವರ ಉಣ್ಣೆಯ ಕೋಟು ಮಡಚಿಟ್ಟಿತ್ತು. ವಾಪಸ್ ಕೊಡಲು ಹೋದರೆ, "ನಂಗೆ ಇನ್ನೊಂದಿದೆ ಹೋಗೆ" ಎಂದರು.

ನಿನ್ನ ಹೆಸರನ್ನು ನಾನು ಮುಚ್ಚಲಿಲ್ಲ. ಸಾಹೇಬರು ನಿನ್ನ ಪತ್ರವನ್ನು ಮೇಲಿನವರಿಗೆ ಕಳಿಸಿದ್ದಾರೆ. ಉಳಿದ ಗೋದಾಮುಗಳಿಗೂ ತಿಳಿಸುತ್ತಾರಂತೆ. ನಿನಗೆ ಈ ಕೆಲಸ ಮತ್ತೆ ಸಿಗಲಿಕ್ಕಿಲ್ಲ. ಬೇರೆ ಕೆಲಸವೂ ಕಷ್ಟವಾಗಬಹುದು. ಅದು ಗೊತ್ತಿದ್ದೇ ಕೊಟ್ಟೆ. ಆ ಪತ್ರ ಬರೆದದ್ದು ನೀನೇ ಎಂಬುದೊಂದೇ ನನಗೆ ಧೈರ್ಯ.

ಆಮೇಲೆ ನನ್ನದನ್ನೂ ಹೇಳಿದೆ. "ಸಾರ್, ನಾನು ಹತ್ತನೇ ತರಗತಿ ಪಾಸಾಗಿಲ್ಲ, ಪರೀಕ್ಷೇನೇ ಬರೆದಿಲ್ಲ."

ಸಾಹೇಬರು ಹಣೆ ಹಿಡಿದುಕೊಂಡರು. "ಇದನ್ನೂ ಇವತ್ತೇ ಹೇಳ್ಬೇಕಿತ್ತಾ ನೀನು? ನಾಳೆ ಹೇಳಿದ್ರೆ ಏನಾಗ್ತಿತ್ತು?"

"ನಾಳೆ ಹೇಳೋಕೆ ಮನಸ್ಸು ಬರ್ತಿರಲಿಲ್ಲ ಸಾರ್."

ನಿಯಮದಲ್ಲಿ ನನಗೆ ಜಾಗವಿಲ್ಲ. ತಿಂಗಳ ಕೊನೆಯವರೆಗೆ ಇರು ಎಂದರು. ಬೇಡವೆಂದೆ. ನಿನ್ನ ಪತ್ರದ ಒಂದು ಪ್ರತಿಗೆ ಸಾಹೇಬರ ಸಹಿ, ಮೊಹರು ಹಾಕಿಸಿಕೊಂಡಿದ್ದೇನೆ. ಅದು ಆ ಕಾವಲುಗಾರರಿಗೆ. ಅಂಚೆಯಲ್ಲಿ ಕಳಿಸಬಹುದು ಎಂದರು ಸಾಹೇಬರು. ಆ ಕಾವಲುಗಾರರು ಏಪ್ರಿಲ್‌ನಿಂದ ಕೇಳದೆ ಇರುವ ಮಾತನ್ನು ಯಾರಾದರೂ ಎದುರು ನಿಂತು ಬಾಯಿಬಿಟ್ಟು ಹೇಳಬೇಕು ಎಂದು ನನಗೆ ಅನಿಸುತ್ತದೆ. ಅವರು ನಂಬದೆ ಇರಬಹುದು, ಬಾಗಿಲು ಹಾಕಿಕೊಳ್ಳಬಹುದು. ಆಮೇಲೆ ನಿನ್ನ ಮನೆಗೆ ಬರುತ್ತೇನೋ ಇಲ್ಲವೋ ಈಗಲೇ ಹೇಳಲಾರೆ. ನೀನೂ ಬರುವುದಾದರೆ ಸೈಕಲ್ ಅಂಗಡಿಯ ಮುಂದೆ ನಿಂತಿರು. ಮೆಟ್ಟಿಲ ಬುಡದಿಂದ ಈ ಸಲ ವಾಪಸ್ ಹೋಗಲು ನಾನು ಬಿಡುವುದಿಲ್ಲ.

ಚೀಲ ಕಟ್ಟಿ ಆಗಿದೆ. ಈ ಕಾಗದ ನಿನಗೆ ತಲುಪಲು ನಾಲ್ಕು ದಿನ ಬೇಕು, ಅದಕ್ಕೇ ಹದಿನೈದರ ಬೆಳಗ್ಗೆ ಏಳೂವರೆಯ ಬಸ್ಸಿಗೆ ಹೊರಡುತ್ತೇನೆ.

ಬುಗುರಿ